ಮೊಲ ಮಲಗುವ ಜಾಗವೂ ಫಾರ್ಮ್

ಆಟಗಾರ ಫಾರ್ಮ್‌ಗೆ ಮರಳಿದ ಅನ್ನುತ್ತೇವೆ. ಅರ್ಜಿಯ ಫಾರ್ಮ್ ತುಂಬುತ್ತೇವೆ. ಎರಡೂ ಒಂದೇ ಪದ ಅಂತ ಯೋಚಿಸುವುದೇ ಇಲ್ಲ, ಅಲ್ವಾ?

ಮೂಲ ಲ್ಯಾಟಿನ್‌ನ ‘ಫೋರ್ಮಾ’. ಆಕಾರ, ಅಚ್ಚು ಅಂತ ಅರ್ಥ. ಎಲ್ಲರಿಗೂ ಒಂದೇ ಆಕಾರ ಅಂದರೆ ಯೂನಿಫಾರ್ಮ್. ಫಾರ್ಮುಲಾ ಅಂದರೆ ಪುಟ್ಟ ಅಚ್ಚು. ಬ್ರಿಟನ್ನಿನ ಶಾಲೆಗಳಲ್ಲಿ ತರಗತಿಗೂ ಫಾರ್ಮ್ ಅನ್ನುವುದುಂಟು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಮೊಲದ ಫಾರ್ಮ್. ಕಾಡುಮೊಲಗಳಲ್ಲಿ ಒಂದು ಜಾತಿ ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಬಯಲಲ್ಲೇ ಮೈ ಒತ್ತಿ ಮಲಗುತ್ತದೆ. ಅಲ್ಲಿ ನೆಲ ಒಂಚೂರು ತಗ್ಗಾಗಿ, ಅದರ ಮೈಯ ಅಳತೆಯೇ ಮೂಡುತ್ತದೆ. ಆ ತಗ್ಗಿಗೆ ಇಂಗ್ಲಿಷಿನಲ್ಲಿ ಫಾರ್ಮ್ ಅಂತಲೇ ಹೆಸರು. ಮರಿಗಳು ಹುಟ್ಟುವುದೂ ಹೀಗೆ ಬಯಲಲ್ಲೇ. ಬಿಲದ ಆಸರೆ ಇಲ್ಲವಲ್ಲ, ಅದಕ್ಕೇ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಹೆಸರಿಟ್ಟವರು ಎಷ್ಟು ಹತ್ತಿರದಿಂದ ನೋಡಿರಬೇಕು!

ಇನ್ನು ‘ಪರ್ಫಾರ್ಮ್’. ಇದೂ ಅದೇ ಬಳಗದ್ದು ಅನ್ನಿಸುತ್ತದೆ, ಆದರೆ ಅಲ್ಲ. ಹಳೆಯ ಫ್ರೆಂಚ್‌ನಲ್ಲಿ ಕೆಲಸ ಪೂರೈಸು ಅನ್ನುವ ಬೇರೆಯೇ ಪದವೊಂದಿತ್ತು. ಅದು ಬಾಯಿಂದ ಬಾಯಿಗೆ ಬರುತ್ತಾ ‘ಫಾರ್ಮ್’ ಜೊತೆ ಬೆರೆತು ಈಗಿನ ರೂಪ ಪಡೆಯಿತು. ಹೀಗೆ ದಾರಿಯಲ್ಲಿ ಬಂದು ಸೇರಿಕೊಂಡ ನೆಂಟರನ್ನು ಹುಡುಕುವುದು ನನಗಂತೂ ತುಂಬಾ ಖುಷಿಯ ಕೆಲಸ. ನಿಮಗೂ ಇಂಥ ಪದ ಸಿಕ್ಕಿದ್ದರೆ ಹೇಳಿ.