ಕಡೆಗೂ ಮೂರು ಚಕ್ರದ ಮೇಲೆ ನಿಂತ ಸೀ ಹಾಕ್

ನಿಂತಿತು! ನೌಕಾಪಡೆಯ ಹಳೆಯ ಜೆಟ್ ಫೈಟರ್ ಸೀ ಹಾಕ್‌ನ 1/72 ಅಳತೆಯ (ನಿಜವಾದದ್ದರ 72ನೇ ಒಂದು ಭಾಗ) ಪ್ಲಾಸ್ಟಿಕ್ ಮಾಡೆಲ್ ಕಡೆಗೂ ಬಾಲ ಎತ್ತಿಕೊಂಡು ನಿಂತಿತು. ನಾನು ಕೂಗಿದ್ದಕ್ಕೆ ಪಕ್ಕದ ಮನೆಯವರು ಮ್ಯಾಚ್ ಗೆದ್ದೆವು ಅಂದುಕೊಂಡರಂತೆ.

ಕಾಕ್‌ಪಿಟ್, ಅಂಟಿಸಿದ ಜೋಡಣೆಯ ಗೆರೆ (ಸೀಮ್) ತಿಕ್ಕಿದ್ದು, ಬಣ್ಣಕ್ಕೆ ಮುಂಚಿನ ಪ್ರೈಮರ್ ಲೇಪ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ತಲೆ ತಿಂದಿದ್ದು ಮೂಗಿನ ತೂಕ. ಮೂಗು ಹಗುರವಾದರೆ ಮಾಡೆಲ್ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂತುಬಿಡುತ್ತದೆ.

ಮೂಗಿನ ತುದಿಗೆ ತೂಕ ಹಾಕಿ ಎನ್ನುತ್ತದೆ ಕಿಟ್‌ನ ಸೂಚನೆ. ಎಲ್ಲಿ ಹಾಕುವುದು? ಸೀ ಹಾಕ್‌ನಲ್ಲಿ ಪೈಲಟ್ ಕೂರುವುದೇ ಮುಂದೆ. ಅವನ ಕಾಲ ಕೆಳಗೆ 20 ಮಿ.ಮೀ. ಗನ್ ನಾಲ್ಕು, ಜೊತೆಗೆ ಮುಂದಿನ ಚಕ್ರದ ಗೂಡು. ಎಂಜಿನ್ ಹೊಟ್ಟೆಯಲ್ಲಿ. ಅದರ ಜೆಟ್ ಪೈಪ್ ಎರಡಾಗಿ ಕವಲೊಡೆದು ರೆಕ್ಕೆಯ ಬುಡದಲ್ಲೇ ಹೊರಬರುತ್ತದೆ. ಹಾಗಾಗಿ ಹಿಂಭಾಗ ಖಾಲಿ ಉಳಿದು, ಅಲ್ಲಿ ಇಂಧನದ ಟ್ಯಾಂಕ್ ಇಡಲು ಜಾಗ ಸಿಕ್ಕಿತು. ಎಂಥ ಚಂದದ ಲೆಕ್ಕ! ಆದರೆ ಮಾಡೆಲ್‌ನಲ್ಲಿ ಉಳಿಯುವುದು ಉದ್ದನೆಯ ಪ್ಲಾಸ್ಟಿಕ್ ಬಾಲ ಮಾತ್ರ.

ಹಿಂದಿನ ಚಕ್ರಗಳಿಗಿಂತ ಮುಂದೆ ಇರುವ ಪ್ರತಿ ಸಂದೂ ನಮ್ಮದೇ ಅಲ್ವಾ? ಮಲ್ಪೆಯ ಬಲೆ ಅಂಗಡಿಯಿಂದ ಸೀಸದ ಗುಂಡು ತಂದೆ. ಸುತ್ತಿಗೆಯಲ್ಲಿ ಬಡಿದು ತೆಳ್ಳಗೆ ಮಾಡಿದೆ. ಕಾಕ್‌ಪಿಟ್ ನೆಲದಡಿ, ಸೀಟಿನ ಹಿಂದೆ, ಚಕ್ರದ ಗೂಡಿನ ಎರಡೂ ಪಕ್ಕ ತುರುಕಿ ಎಪಾಕ್ಸಿ ಅಂಟು ಹಾಕಿದೆ. ಬಿಳಿ ಗೋಂದು ಮಾತ್ರ ಬೇಡ. ಸೀಸದ ಜೊತೆ ಸೇರಿ ವರ್ಷಗಳಲ್ಲಿ ಉಬ್ಬಿ, ವಿಮಾನದ ಒಡಲನ್ನೇ ಸೀಳಿಬಿಡುತ್ತದೆ. ಸೀಸ ಮುಟ್ಟಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ.

ಇಷ್ಟೆಲ್ಲ ಹಟ ಯಾಕೆಂದರೆ ಇದು 300ನೇ ಸ್ಕ್ವಾಡ್ರನ್ನಿನ ವಿಮಾನ, ನಮ್ಮ ನೌಕಾಪಡೆಯ 'ಬಿಳಿ ಹುಲಿ'ಗಳದ್ದು. ಸ್ಕ್ವಾಡ್ರನ್ ಹುಟ್ಟಿದ್ದು 1960ರಲ್ಲಿ, ಬ್ರಿಟನ್ನಿನ ಬ್ರಾಡಿಯಲ್ಲಿ. 1971ರ ಪಾಕಿಸ್ತಾನ ಯುದ್ಧದ ಹೊತ್ತಿಗೆ, ಇವು ಹಾರುತ್ತಿದ್ದ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್‌ನ ಬಾಯ್ಲರ್ ಒಂದು ಬಿರುಕು ಬಿಟ್ಟಿತ್ತು. ಹಡಗು ಪೂರ್ತಿ ವೇಗದಲ್ಲಿ ಓಡುವಂತಿರಲಿಲ್ಲ. ಓಟ ತಗ್ಗಿದರೆ ಡೆಕ್ ಮೇಲೆ ಎದುರುಗಾಳಿಯೂ ತಗ್ಗುತ್ತದೆ, ವಿಮಾನ ಏರಿಸುವುದು ಕಷ್ಟ. ಆದರೂ ಡಿಸೆಂಬರ್ 4ರಂದು ಇದೇ ಸೀ ಹಾಕ್‌ಗಳು ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ಕಾಕ್ಸ್ ಬಜಾರ್ ಮೇಲೆ ಎರಗಿದವು. ಆಮೇಲೆ ಚಿತ್ತಗಾಂಗ್, ಖುಲ್ನಾ, ಮೊಂಗ್ಲಾ. ಹೆಸರಿಗೆ ಫೈಟರ್, ಅಲ್ಲಿ ಮಾಡಿದ್ದು ಜಾಸ್ತಿ ಬಾಂಬು, ರಾಕೆಟ್ಟಿನ ಕೆಲಸ. ಮುಂದಾಳು ಲೆಫ್ಟಿನೆಂಟ್ ಕಮಾಂಡರ್ ಎಸ್.ಕೆ. ಗುಪ್ತಾ ಅವರಿಗೆ ಮಹಾವೀರ ಚಕ್ರ ಬಂತು. ಅಂಥ ವಿಮಾನ ನನ್ನ ಮೇಜಿನ ಮೇಲೆ ಬಾಲ ಊರಿ ಕೂರುವುದನ್ನು ನೋಡಲು ಮನಸ್ಸು ಒಪ್ಪಲಿಲ್ಲ.

ಇನ್ನು ಡೆಕಾಲ್, ಅಂದರೆ ಮಾಡೆಲ್ ಮೇಲೆ ಅಂಟಿಸುವ ಗುರುತಿನ ಚಿತ್ರ. ಒಬ್ಬ ಆನ್‌ಲೈನ್ ಮಾರಾಟಗಾರ ಕಳಿಸಿದ ಹಾಳೆಯಲ್ಲಿ ಬಿಳಿ ಎಷ್ಟು ತೆಳುವೆಂದರೆ, ಗಾಢ ಬೂದು ಬಣ್ಣದ ಮೇಲೆ ಇಟ್ಟರೆ ಬಿಳಿ ಹುಲಿ ಬೂದಿ ಬೆಕ್ಕಾಗುತ್ತದೆ. ಎರಡು ವಾರ ಕಾಯಿಸಿ ಇದನ್ನಾ ಕೊಡುವುದು? ಒಂದರ ಮೇಲೊಂದು ಎರಡು ಡೆಕಾಲ್ ಕೂರಿಸಿ ನೋಡಬೇಕು.

ಅಷ್ಟರಲ್ಲಿ ಮುಂದಿನ ಕಿಟ್ ಕೂಡ ಬಂದಿದೆ: ಜಲಾಂತರ್ಗಾಮಿ ಬೇಟೆಯ ಅಲಿಜೆ, ವಿಕ್ರಾಂತ್‌ನಲ್ಲೇ ಇದ್ದ 310ನೇ ಸ್ಕ್ವಾಡ್ರನ್ 'ಕೋಬ್ರಾ'ಗಳ ವಿಮಾನ. ಅದರ ಎಂಜಿನ್ ಮೂಗಿನಲ್ಲೇ ಇದೆ, ಮಾಡೆಲ್‌ನಲ್ಲಿ ಆ ಮೂಗು ಪೊಳ್ಳು, ಸೀಸ ತುರುಕಲು ಬೇಕಾದಷ್ಟು ಜಾಗ. ರೆಕ್ಕೆ ಮಡಚಿಯೇ ಕಟ್ಟುತ್ತೇನೆ. ಮಡಿಕೆಯ ಒಳಗಿನ ಕೀಲುಗಳ ಒಳ್ಳೆ ಫೋಟೊ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.