ಹಾಳಾದ ಪ್ರವಾಸ ನೋಡಿ ನಗು ಯಾಕೆ ಬರುತ್ತದೆ?

ನಾನು ಬರೆದ ಒಂದು ಕಾಮಿಕ್ ಸ್ಟ್ರಿಪ್ ಬಗ್ಗೆ ತುಂಬ ಜನ ಕೇಳುತ್ತಾರೆ: "ಪಾಪ, ಆ ಮನೆಯವರು ಆಸೆಪಟ್ಟು ಸಮುದ್ರಕ್ಕೆ ಹೋದರು, ಎಲ್ಲಾ ಹಾಳಾಯಿತು. ಇದರಲ್ಲಿ ನಗುವಂಥದ್ದೇನಿದೆ?"

ಇರುವುದು ನಾಲ್ಕೇ ಚೌಕ. ಮೊದಲನೆಯದರಲ್ಲಿ ಕಾರಿನ ತುಂಬ ಛತ್ರಿ, ಚಾಪೆ, ಬಕೆಟ್ಟು. ಅಪ್ಪ ಹೇಳುತ್ತಾನೆ, "ಇವತ್ತು ಕತ್ತಲಾಗೋವರೆಗೂ ಯಾರೂ ನೀರಿಂದ ಏಳೋ ಹಾಗಿಲ್ಲ!" ಎರಡನೆಯದರಲ್ಲಿ ಕಪ್ಪು ಮೋಡ, ಗಾಳಿಗೆ ಮಗುಚಿದ ಛತ್ರಿ. ಮೂರನೆಯದರಲ್ಲಿ ಗಾಜು ಏರಿಸಿದ ಕಾರಿನೊಳಗೆ ನಾಲ್ವರೂ ತೊಪ್ಪೆಯಾಗಿ ಕೂತಿದ್ದಾರೆ. ಈಜುವ ಟ್ಯೂಬು ಇನ್ನೂ ಪುಟ್ಟನ ಸೊಂಟದಲ್ಲೇ ಇದೆ. ಕೊನೆಯದರಲ್ಲಿ ವಾಪಸಿನ ದಾರಿ, ಹಿಂದಿನ ಸೀಟಿನಿಂದ ಪುಟ್ಟ: "ಅಪ್ಪಾ, ನಾಳೆನೂ ಬರೋಣ್ವಾ?"

ಮಳೆಯಿಂದ ನಗು ಬರುವುದಿಲ್ಲ. ಅಪ್ಪನ ಆ ಮೊದಲ ಮಾತಿನಿಂದ ಬರುತ್ತದೆ. ಅವನು "ಮೋಡ ಇದೆ, ನೋಡೋಣ" ಅಂದಿದ್ದರೆ ಮುಂದಿನ ಮೂರು ಚೌಕಗಳೂ ಸಪ್ಪೆ. 1985ರಿಂದ 1995ರವರೆಗೆ ಬಂದ ಅಮೆರಿಕದ ಕಾಮಿಕ್ ಸ್ಟ್ರಿಪ್ 'ಕ್ಯಾಲ್ವಿನ್ ಅಂಡ್ ಹಾಬ್ಸ್'ನಲ್ಲಿ ತುಂಟ ಹುಡುಗ ಕ್ಯಾಲ್ವಿನ್‌ನ ಅಪ್ಪ ಮನೆಯವರನ್ನು ಮತ್ತೆ ಮತ್ತೆ ಕ್ಯಾಂಪಿಂಗ್‌ಗೆ ಎಳೆದೊಯ್ಯುತ್ತಾನೆ. ಕಷ್ಟಪಟ್ಟರೆ ಮನುಷ್ಯ ಗಟ್ಟಿಯಾಗುತ್ತಾನೆ ಎನ್ನುವ ಅವನ ನಂಬಿಕೆ ಅಲುಗುವುದೇ ಇಲ್ಲ. ಅಷ್ಟು ಮನಸಾರೆ ನಂಬುವವನು ಬೇಕು.

ಮೂರನೆಯ ಚೌಕಕ್ಕೆ ನಾನು ಹೆಚ್ಚು ಒದ್ದಾಡಿದೆ. ಮೊದಲು ಅಲ್ಲಿ ಅಮ್ಮನ ಬಾಯಲ್ಲಿ "ನಾನು ಆಗಲೇ ಹೇಳಿದ್ದೆ" ಎಂದಿತ್ತು. ಅದು ಜಗಳವಾಯಿತು, ಅಮ್ಮ ಗೆದ್ದಳು, ನಗು ಸತ್ತಿತು. ಮಾತು ಅಳಿಸಿದ ಮೇಲೆ ನಾಲ್ವರೂ ಸಮನಾಗಿ ನೆನೆದರು. ಇನ್ನೊಂದು ವಿಷಯ: ಅವರು ಮರಳಲ್ಲಿ ಎದ್ದುಬಿದ್ದು ಓಡಿದ್ದನ್ನು ನಾನು ಬರೆದೇ ಇಲ್ಲ. ಅದು ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿದೆ. ಅದಕ್ಕೆ ಗಟರ್ ಎನ್ನುತ್ತಾರೆ. ಆ ಖಾಲಿಯನ್ನು ಓದುಗ ಹೇಗೆ ತುಂಬಿಕೊಳ್ಳುತ್ತಾನೆಂದು ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 1993ರ ತಮ್ಮ ಪುಸ್ತಕ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್'ನಲ್ಲಿ ಬಿಡಿಸಿ ತೋರಿಸಿದ್ದಾರೆ. ಓದುವವರು ಅಲ್ಲಿ ತಾವು ಮಳೆಯಲ್ಲಿ ನೆನೆದ ದಿನವನ್ನೇ ತಂದಿಡುತ್ತಾರೆ. ಹಾಗಾಗಿ ಅವರು ನಗುವುದು ಬೇರೆಯವರನ್ನು ನೋಡಿ ಅಲ್ಲ.

ಪುಟ್ಟನಿಗೆ ಏನೂ ಅರ್ಥವಾಗಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವನ ಮುಖವನ್ನು ಎಷ್ಟೋ ಸಲ ಅಳಿಸಿ ಬರೆದಿದ್ದೇನೆ. ಅವನಿಗೆ ಆ ದಿನ ನಿಜವಾಗಿಯೂ ಖುಷಿಯಾಗಿತ್ತು. ಅಪ್ಪ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಾನೆ. ಅಪ್ಪನ ಉತ್ತರಕ್ಕೆಂದು ಬರೆದಿದ್ದ ಮಾತಿನ ಗುಳ್ಳೆಯನ್ನೂ ಕೊನೆಗೆ ಅಳಿಸಿಬಿಟ್ಟೆ.