ಪ್ರಶ್ನೆ ಅವರೇ ಕೇಳಬೇಕಾ?

ತಂಗಿ ಮಗಳಿಗೆ ಇವತ್ತು ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಂಟರ್‌ವ್ಯೂ ಇತ್ತು. ಅಕೌಂಟ್ಸ್ ಕೆಲಸ. 'ನಿಮ್ಮ ಬಗ್ಗೆ ಹೇಳಿ' ಅಂದರೆ ಅಪ್ಪ, ಊರು, ಹವ್ಯಾಸ ಅಂತ ಶುರು ಮಾಡಲಿಲ್ಲವಂತೆ. ತೊಗರಿ ಸೀಸನ್‌ನಲ್ಲಿ ದಾಲ್ ಮಿಲ್‌ನಲ್ಲಿ ಕೂತು ಟ್ಯಾಲಿಯಲ್ಲಿ ಬಿಲ್ ಹಾಕಿದ್ದು, ತೂಕದ ಚೀಟಿಗೂ ಬಿಲ್ಲಿಗೂ ತಾಳೆಯಾಗದ್ದನ್ನು ಹಿಡಿದದ್ದು, ಇಷ್ಟನ್ನೇ ಹೇಳಿದಳಂತೆ. ಅಲ್ಲಿಂದಾಚೆ ಮಾತೆಲ್ಲ ಅದರದ್ದೇ.

ನನಗೆ ಜಾಸ್ತಿ ಖುಷಿಯಾಗಿದ್ದು ಅವಳು ತಿರುಗಿ ಕೇಳಿದ್ದಕ್ಕೆ. ಸಂಬಳ ಎಷ್ಟನೇ ತಾರೀಖಿಗೆ? ಪಿಎಫ್ ಇದೆಯಾ? 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಪಿಎಫ್ ಸಾಮಾನ್ಯವಾಗಿ ಕಡ್ಡಾಯ. ಸಾಮಾನ್ಯವಾಗಿ ನಮ್ಮ ಮೂಲ ವೇತನ, ತುಟ್ಟಿಭತ್ಯೆಯ 12% ನಮ್ಮಿಂದ, ಮಾಲೀಕರಿಂದಲೂ ಅಷ್ಟೇ. ಇದಕ್ಕೆ 'ಮುಂದೆ ನೋಡೋಣ' ಅಂದರೆ ಅರ್ಥ ಮಾಡ್ಕೋಬೇಕು, ಅಲ್ವಾ? ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟು ಹೋಗಿ ಅಂದರಂತೂ ಸುಮ್ನೆ ಎದ್ದು ಬರಬೇಕು. ಪುಣ್ಯಕ್ಕೆ ಇಲ್ಲಿ ಜೆರಾಕ್ಸ್ ಮಾತ್ರ ಕೇಳಿದರು.

ನಮ್ಮ ಕಡೆ 371ಜೆ ಸರ್ಟಿಫಿಕೇಟ್ (ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಗೆ ಬೇಕಾದದ್ದು) ಮಾಡಿಸಿಕೊಂಡು ಸರ್ಕಾರಿ ನೋಟಿಫಿಕೇಶನ್ ಕಾಯುವವರೇ ಹೆಚ್ಚು. ಕಾಯಲಿ, ಇವಳೂ ಕಾಯುತ್ತಿದ್ದಾಳೆ. ಅಲ್ಲಿತನಕ ಖರ್ಚಿಗೆ ಯಾರು ಕೊಡ್ತಾರೆ?

ಸೋಮವಾರ ಫೋನ್ ಮಾಡ್ತಾರಂತೆ. ಸಂಬಳ ಸರಿಯಾಗಿ ಆಗುತ್ತಾ ಅಂತ ಅಲ್ಲಿನ ಹಳಬರನ್ನೇ ಕೇಳಬೇಕು. ಕಪನೂರು ಕಡೆ ಕೆಲಸ ಮಾಡುವವರು ಯಾರಾದರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ.